ಕತ್ತಿನ ಮೂಳೆಗೆ ಸ್ಕ್ರೂ ಹಾಕುವಾಗ ರೋಬಾಟ್ ಮಾಡುವ ಕೆಲಸ ಯಾವುದು?

ಕತ್ತಿನ ಮೂಳೆಗಳಲ್ಲಿ ಮೇಲಿನಿಂದ ಐದನೆಯದನ್ನು ತೆಗೆದುಕೊಳ್ಳಿ. ಅದರ ಮುಂದಿನ ದಪ್ಪ ಭಾಗಕ್ಕೂ ಹಿಂದಿನ ಕಮಾನಿಗೂ ನಡುವೆ, ಎಡಕ್ಕೊಂದು ಬಲಕ್ಕೊಂದು ಗಿಡ್ಡ ಎಲುಬಿನ ಸೇತುವೆ ಇರುತ್ತದೆ. ಡಾಕ್ಟರುಗಳು ಅದನ್ನು ಪೆಡಿಕಲ್ ಎನ್ನುತ್ತಾರೆ. ದೊಡ್ಡವರಲ್ಲಿ ಅದರ ಅಗಲ ಹೆಚ್ಚುಕಡಿಮೆ 5 ಮಿಲಿಮೀಟರ್. ಅದರೊಳಗೆ ಹಾಯಬೇಕಾದ ಸ್ಕ್ರೂ 3.5 ಮಿಲಿಮೀಟರ್ ದಪ್ಪ. ಕಳೆದರೆ ಉಳಿಯುವುದು ಒಂದೂವರೆ ಮಿಲಿಮೀಟರ್. ಈ ಕಡೆ ಮುಕ್ಕಾಲು, ಆ ಕಡೆ ಮುಕ್ಕಾಲು.

ಈ ಮುಕ್ಕಾಲು ಮಿಲಿಮೀಟರಿನ ಆಚೆ ಏನಿದೆ ಅನ್ನುವುದೇ ಇಲ್ಲಿ ಮುಖ್ಯ. ಒಳಬದಿಯಲ್ಲಿ ಬೆನ್ನುಹುರಿ. ಮೇಲೆ ಕೆಳಗೆ ತೋಳಿಗೂ ಕೈಗೂ ಹೋಗುವ ನರಗಳು. ಹೊರಬದಿಯಲ್ಲಿ ವರ್ಟೆಬ್ರಲ್ ಆರ್ಟರಿ. ಎಡಬಲ ಎರಡೂ ಕಡೆಯಿಂದ ಮೇಲೇರುವ ಈ ರಕ್ತನಾಳಗಳು ತಲೆಬುರುಡೆಯೊಳಗೆ ಒಂದಾಗಿ ಮೆದುಳಿನ ಕಾಂಡಕ್ಕೆ ಮತ್ತು ಕಿರುಮೆದುಳಿಗೆ ರಕ್ತ ಕೊಡುತ್ತವೆ. ಸಾಮಾನ್ಯವಾಗಿ ಅವು ಆರನೇ ಮೂಳೆಯ ಪಕ್ಕದ ತೂತಿಗೆ ಹೊಕ್ಕು, ಒಂದೊಂದೇ ಮೂಳೆ ದಾಟುತ್ತ ಮೊದಲನೆಯದರವರೆಗೆ ಹೋಗುತ್ತವೆ. ಇನ್ನೊಂದು ವಿಷಯ: ಪೆಡಿಕಲ್‌ನ ಒಳಗೋಡೆ ದಪ್ಪ, ಹೊರಗೋಡೆ ತೆಳು. ಅಂದರೆ ರಕ್ತನಾಳದ ಕಡೆಯ ಗೋಡೆಯೇ ಬೇಗ ಒಡೆಯುವಂಥದ್ದು.

ಸರಿ, ಈಗ ಒಂದು ಲೆಕ್ಕ ಮಾಡೋಣ. ಮೂಳೆಯ ಮೇಲೆ ಡ್ರಿಲ್ ಇಟ್ಟ ಜಾಗ ಸರಿಯಾಗಿಯೇ ಇದೆ, ಕೋನ ಮಾತ್ರ 3 ಡಿಗ್ರಿ ತಪ್ಪಿದೆ ಅಂದುಕೊಳ್ಳಿ. 15 ಮಿಲಿಮೀಟರ್ ಒಳಗೆ ಹೋಗುವಷ್ಟರಲ್ಲಿ ಡ್ರಿಲ್ಲಿನ ತುದಿ ಸುಮಾರು 0.8 ಮಿಲಿಮೀಟರ್ ಪಕ್ಕಕ್ಕೆ ಸರಿದಿರುತ್ತದೆ. ನಮ್ಮ ಹತ್ತಿರ ಇದ್ದದ್ದೇ ಮುಕ್ಕಾಲು. ಗಡಿಯಾರದಲ್ಲಿ ನಿಮಿಷದ ಮುಳ್ಳು ಅರ್ಧ ನಿಮಿಷದಲ್ಲಿ ತಿರುಗುವಷ್ಟು ಕೋನ ಅದು. ಎಷ್ಟೇ ಪಳಗಿದ ಕೈಯಾದರೂ, ರಕ್ತ ಜಿನುಗುತ್ತಿರುವ ಆಳವಾದ ಗಾಯದೊಳಗೆ ಇಷ್ಟು ನಿಖರವಾದ ಕೋನವನ್ನು ಮತ್ತೆ ಮತ್ತೆ ಹಿಡಿಯುವುದು ಸುಲಭವಲ್ಲ. ರೋಬಾಟ್ ಬಂದದ್ದು ಈ ಒಂದು ಕಷ್ಟಕ್ಕೆ.

ಯಾರಿಗೆ ಬೇಕು ಈ ಸ್ಕ್ರೂ

ಮುಂದೆ ಹೋಗುವ ಮೊದಲು ಒಂದು ಮಾತು ಹೇಳಲೇಬೇಕು. ಕತ್ತುನೋವು ಬಂದವರಿಗೆಲ್ಲ ಸ್ಕ್ರೂ ಬೇಕಿಲ್ಲ. ಬಹಳಷ್ಟು ಕತ್ತುನೋವು ಮಾತ್ರೆ, ವ್ಯಾಯಾಮ, ಸ್ವಲ್ಪ ತಾಳ್ಮೆಯಲ್ಲೇ ಹತೋಟಿಗೆ ಬರುತ್ತದೆ. ಡಿಸ್ಕ್ ಜಾರಿ ನರ ಒತ್ತಿ, ಆಪರೇಷನ್ ಬೇಕೇ ಬೇಕು ಅಂತಾದರೂ, ಹೆಚ್ಚಾಗಿ ಅದನ್ನು ಗಂಟಲಿನ ಕಡೆಯಿಂದ ಮಾಡುತ್ತಾರೆ. ಅಲ್ಲಿ ಪ್ಲೇಟು, ಸ್ಕ್ರೂ ಕೂರುವುದು ಮೂಳೆಯ ಮುಂದಿನ ದಪ್ಪ ಭಾಗದಲ್ಲಿ. ಕಣ್ಣೆದುರಿಗೇ ಕಾಣುವ ಜಾಗ. ಅದಕ್ಕೆ ರೋಬಾಟ್ ಬೇಕಾಗುವುದಿಲ್ಲ.

ಹಿಂದಿನಿಂದ ಸ್ಕ್ರೂ ಹಾಕಿ ರಾಡ್‌ನಿಂದ ಬಿಗಿಯುವುದು ಕತ್ತಿನ ಮೂಳೆಗಳು ಒಂದರ ಮೇಲೊಂದು ಭದ್ರವಾಗಿ ನಿಲ್ಲದಿದ್ದಾಗ. ಬೈಕ್ ಅಪಘಾತದಲ್ಲಿ ಮೂಳೆ ಮುರಿದು ಜಾರಿರಬಹುದು. ಅಡಿಕೆ ಮರ, ತೆಂಗಿನ ಮರದಿಂದ ಬಿದ್ದವರಿರಬಹುದು. ನಮ್ಮ ಮಲೆನಾಡು ಕರಾವಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಅಲ್ವಾ. ಕ್ಷಯ ಅಥವಾ ಗೆಡ್ಡೆ ಮೂಳೆಯನ್ನು ತಿಂದಿರಬಹುದು. ರುಮಟಾಯ್ಡ್ ಸಂಧಿವಾತ ಮೊದಲೆರಡು ಮೂಳೆಗಳ ನಡುವಿನ ಕಟ್ಟನ್ನು ಸಡಿಲ ಮಾಡಿರಬಹುದು. ಕೆಲವರಿಗೆ ಹುಟ್ಟಿನಿಂದಲೇ ಆ ಜಾಗದ ಮೂಳೆ ಸರಿಯಾಗಿ ಬೆಳೆದಿರುವುದಿಲ್ಲ. ಇಂಥವರಲ್ಲಿ ತಲೆ ಬಗ್ಗಿಸಿದಾಗೆಲ್ಲ ಬೆನ್ನುಹುರಿ ಚಿಮುಟಿದ ಹಾಗಾಗುತ್ತದೆ. ನಡಿಗೆ ತೊಡರುತ್ತದೆ, ಅಂಗಿಯ ಗುಂಡಿ ಹಾಕಲು ಬೆರಳು ಬಾರದಂತಾಗುತ್ತದೆ. ಉಸಿರಾಟದ ಮುಖ್ಯ ಸ್ನಾಯುವಾದ ವಪೆಗೆ ಆಜ್ಞೆ ಒಯ್ಯುವ ನರ ಹೊರಡುವುದು ಕತ್ತಿನ ಮೂರು, ನಾಲ್ಕು, ಐದನೇ ಮಟ್ಟದಿಂದ. ಅದಕ್ಕಿಂತ ಮೇಲೆ ಬೆನ್ನುಹುರಿಗೆ ಪೂರ್ತಿ ಪೆಟ್ಟು ಬಿದ್ದರೆ ವೆಂಟಿಲೇಟರ್ ಇಲ್ಲದೆ ಉಸಿರಿಲ್ಲ.

ಸ್ಕ್ರೂ ಹಾಕುವ ಜಾಗಗಳೂ ಒಂದೇ ಥರ ಇಲ್ಲ. ಮೂರರಿಂದ ಆರನೇ ಮೂಳೆಯವರೆಗೆ ಪಕ್ಕದಲ್ಲಿ ಲ್ಯಾಟರಲ್ ಮಾಸ್ ಎಂಬ ಎಲುಬಿನ ಗಟ್ಟಿ ಇದೆ. ಫ್ರಾನ್ಸಿನ ರಾಯ್ ಕಮೀಲ್ ಅಲ್ಲಿಗೆ ಸ್ಕ್ರೂ ಹಾಕುವ ದಾರಿ ತೋರಿಸಿದರು. ಅಪಾಯ ಕಡಿಮೆ, ಹಿಡಿತವೂ ಪರವಾಗಿಲ್ಲ. ಪೆಡಿಕಲ್‌ಗೆ ಹಾಕಿದ ಸ್ಕ್ರೂವಿನ ಹಿಡಿತ ಇದಕ್ಕಿಂತ ಎಷ್ಟೋ ಗಟ್ಟಿ, ಆದರೆ ಅಪಾಯವೂ ಜಾಸ್ತಿ. ಸೊಂಟದಲ್ಲಿ ಮಾಡುತ್ತಿದ್ದ ಈ ಕೆಲಸವನ್ನು ಕತ್ತಿನ ನಡು ಮತ್ತು ಕೆಳಭಾಗದಲ್ಲೂ ಮಾಡಬಹುದು ಎಂದು ಜಪಾನಿನ ಕುನಿಯೋಶಿ ಅಬುಮಿ ಮತ್ತು ಅವರ ಸಂಗಡಿಗರು 1994ರಲ್ಲಿ ಪ್ರಕಟಿಸಿದರು. ಅದೇ ವರ್ಷ ಮುಂಬೈನ ಕೆ.ಇ.ಎಂ. ಆಸ್ಪತ್ರೆಯ ಅತುಲ್ ಗೋಯಲ್ ಮತ್ತು ಅವರ ಸಹೋದ್ಯೋಗಿ, ಮೊದಲೆರಡು ಮೂಳೆಗಳನ್ನು ಪ್ಲೇಟು ಮತ್ತು ಸ್ಕ್ರೂಗಳಿಂದ ಬಿಗಿಯುವ ವಿಧಾನವನ್ನು ಪ್ರಕಟಿಸಿದರು. 2001ರಲ್ಲಿ ಜರ್ಮನಿಯ ಹಾರ್ಮ್ಸ್ ಅದನ್ನು ರಾಡ್‌ಗೆ ಹೊಂದಿಸಿದರು. ಇವತ್ತು ಜಗತ್ತಿನ ಹಲವು ಕಡೆ ಅದನ್ನು ಗೋಯಲ್-ಹಾರ್ಮ್ಸ್ ವಿಧಾನ ಎನ್ನುತ್ತಾರೆ. ಮುಂಬೈನ ಒಂದು ಮಹಾನಗರ ಪಾಲಿಕೆ ಆಸ್ಪತ್ರೆಯಲ್ಲಿ ರೂಪುಗೊಂಡ ವಿಧಾನವನ್ನೇ ಇಂದು ದುಬಾರಿ ರೋಬಾಟುಗಳೂ ಅನುಸರಿಸುತ್ತಿವೆ ಅನ್ನುವುದು ನನಗೆ ತುಂಬಾ ಹೆಮ್ಮೆಯ ವಿಷಯ.

ರೋಬಾಟ್ ನಿಜವಾಗಿ ಮಾಡುವುದೇನು

ರೋಬಾಟಿಕ್ ಸರ್ಜರಿ ಅಂದ ಕೂಡಲೇ ಜನ ಎರಡು ರೀತಿ ಯೋಚಿಸುತ್ತಾರೆ. ಒಂದು, ಯಂತ್ರ ತಾನಾಗಿಯೇ ಆಪರೇಷನ್ ಮಾಡುತ್ತದೆ. ಇನ್ನೊಂದು, ಡಾಕ್ಟರು ದೂರದಲ್ಲಿ ಕೂತು ಹಿಡಿಕೆ ತಿರುಗಿಸಿದಂತೆ ಯಂತ್ರದ ಕೈ ಆಡುತ್ತದೆ. ಎರಡನೆಯದು ಹೊಟ್ಟೆಯ ಆಪರೇಷನ್ನಿನಲ್ಲಿ ಬಳಸುವ ದ ವಿಂಚಿ ಯಂತ್ರದ ರೀತಿ. ಬೆನ್ನುಮೂಳೆಯ ರೋಬಾಟ್ ಸಾಮಾನ್ಯವಾಗಿ ಇವೆರಡೂ ಅಲ್ಲ. ಅದರದು ಒಂದೇ ತೋಳು. ತೋಳಿನ ತುದಿಯಲ್ಲಿ ಒಂದು ಕೊಳವೆ. ತೀರ್ಮಾನವಾದ ಜಾಗಕ್ಕೆ ಬಂದು, ತೀರ್ಮಾನವಾದ ಕೋನದಲ್ಲಿ ಆ ಕೊಳವೆಯನ್ನು ಅಲ್ಲಾಡದಂತೆ ಹಿಡಿದು ನಿಲ್ಲುವುದೇ ಅದರ ಕೆಲಸ. ಆ ಕೊಳವೆಯ ಮೂಲಕ ಡ್ರಿಲ್ ಇಳಿಸಿ ಕೊರೆಯುವುದೂ ಸ್ಕ್ರೂ ತಿರುಗಿಸುವುದೂ ಸರ್ಜನ್ನರ ಕೈಯೇ.

ಸುಮ್ನೆ ಹಿಡಿದು ನಿಲ್ಲುವುದಕ್ಕೆ ಇಷ್ಟು ದೊಡ್ಡ ಯಂತ್ರವೇ ಅನ್ನಿಸಬಹುದು. ಮೇಲಿನ ಲೆಕ್ಕ ನೆನಪಿಸಿಕೊಳ್ಳಿ. ಇಲ್ಲಿ ಕಷ್ಟವಿರುವುದೇ ಹಿಡಿದು ನಿಲ್ಲುವುದರಲ್ಲಿ.

ಆಪರೇಷನ್ ಕೋಣೆಯಲ್ಲಿ ಇದು ಹೇಗೆ ನಡೆಯುತ್ತದೆ ನೋಡೋಣ. ರೋಗಿಗೆ ಪೂರ್ತಿ ಅರಿವಳಿಕೆ ಕೊಟ್ಟು ಬೋರಲಾಗಿ ಮಲಗಿಸುತ್ತಾರೆ. ತಲೆಬುರುಡೆಗೆ ಮೂರು ಮೊನೆಗಳ ಕ್ಲ್ಯಾಂಪ್ ಹಾಕಿ ಅದನ್ನು ಟೇಬಲ್ಲಿಗೆ ಬಿಗಿಯುತ್ತಾರೆ. ಕತ್ತು ಕದಲಬಾರದಲ್ಲ, ಅದಕ್ಕೆ. ಕೈಕಾಲಿನ ಸ್ನಾಯುಗಳಲ್ಲಿ ಸಣ್ಣ ಸೂಜಿಗಳನ್ನು ಚುಚ್ಚಿ, ಮೆದುಳಿನಿಂದ ಸಂಕೇತ ಅಲ್ಲಿಗೆ ಸರಿಯಾಗಿ ತಲುಪುತ್ತಿದೆಯೇ ಎಂದು ಒಬ್ಬರು ಉದ್ದಕ್ಕೂ ಗಮನಿಸುತ್ತಿರುತ್ತಾರೆ. ಕತ್ತಿನ ಹಿಂಭಾಗ ತೆರೆದ ಮೇಲೆ, ಮೂಳೆಯ ಹಿಂದಿನ ಮೊನೆಗೋ ತಲೆಯ ಕ್ಲ್ಯಾಂಪಿಗೋ ಒಂದು ಪುಟ್ಟ ಚೌಕಟ್ಟು ಕಟ್ಟುತ್ತಾರೆ. ಅದರಲ್ಲಿ ಬೆಳಕು ಪ್ರತಿಫಲಿಸುವ ಗುಂಡುಗಳಿರುತ್ತವೆ. ಮೂಲೆಯಲ್ಲಿ ನಿಂತ ಇನ್‌ಫ್ರಾರೆಡ್ ಕ್ಯಾಮೆರಾ ಆ ಗುಂಡುಗಳನ್ನು ನೋಡಿಯೇ ಕತ್ತು ಎಲ್ಲಿದೆ ಎಂದು ತಿಳಿದುಕೊಳ್ಳುತ್ತದೆ. ರೋಬಾಟ್ ತೋಳಿನಲ್ಲೂ ಅಂಥದೇ ಗುರುತುಗಳು. ಯಾರಾದರೂ ಅಡ್ಡ ನಿಂತರೆ ಕ್ಯಾಮೆರಾಕ್ಕೆ ಏನೂ ಕಾಣದು, ಕೆಲಸ ನಿಲ್ಲುತ್ತದೆ.

ಆಮೇಲೆ ಸ್ಕ್ಯಾನ್. ಟೇಬಲ್ಲಿನ ಸುತ್ತ ತಿರುಗುವ ಯಂತ್ರ ಅಲ್ಲೇ ಮೂರು ಆಯಾಮದ ಚಿತ್ರ ತೆಗೆಯುತ್ತದೆ. ವಿಕಿರಣ ತಾಗದಂತೆ ಸಿಬ್ಬಂದಿ ಆಗ ಹೊರಗೆ ಹೋಗಿರುತ್ತಾರೆ. ಆ ಚಿತ್ರದ ಮೇಲೆ ಸರ್ಜನ್ ಒಂದೊಂದೇ ಸ್ಕ್ರೂವನ್ನು ಇಟ್ಟು ನೋಡುತ್ತಾರೆ. ಎಲ್ಲಿಂದ ಒಳಗೆ ಹೋಗಬೇಕು, ಎಷ್ಟು ಕೋನ, ಎಷ್ಟು ಉದ್ದ, ಎಷ್ಟು ದಪ್ಪ. ಪೆಡಿಕಲ್ ತೀರಾ ಸಣ್ಣದಿದ್ದರೆ ಅಲ್ಲಿ ಸ್ಕ್ರೂ ಬೇಡ ಎಂದು ಬಿಟ್ಟುಬಿಡುವುದೂ ಇಲ್ಲೇ ತೀರ್ಮಾನವಾಗುತ್ತದೆ. ಕೆಲವರಲ್ಲಿ ಎರಡನೇ ಮೂಳೆಯೊಳಗೆ ರಕ್ತನಾಳ ಇರಬೇಕಾದದ್ದಕ್ಕಿಂತ ಮೇಲೆ, ಒಳಕ್ಕೆ ಬಾಗಿ ಸಾಗುತ್ತದೆ. ಅಂಥದ್ದೂ ಈ ಚಿತ್ರದಲ್ಲಿ ಕಾಣುತ್ತದೆ. ನನ್ನ ಮಟ್ಟಿಗೆ ಇಡೀ ವ್ಯವಸ್ಥೆಯಲ್ಲಿ ರೋಗಿಗೆ ಅತಿ ಹೆಚ್ಚು ಉಪಕಾರ ಮಾಡುವ ಹಂತ ಇದು. ತೋಳು ಚಲಿಸುವ ಮೊದಲೇ, ಪ್ರತಿಯೊಂದು ಸ್ಕ್ರೂವಿನ ಬಗ್ಗೆ ಒಬ್ಬರು ಕೂತು ಯೋಚಿಸಿರುತ್ತಾರೆ.

ಯೋಜನೆ ಮುಗಿದ ಮೇಲೆ ತೋಳು ಬಂದು ನಿಲ್ಲುತ್ತದೆ. ಸರ್ಜನ್ ಕೊಳವೆಯೊಳಗೆ ಡ್ರಿಲ್ ಇಳಿಸಿ, ನೀರು ಹಾಯಿಸುತ್ತ ನಿಧಾನವಾಗಿ ಕೊರೆಯುತ್ತಾರೆ. ತುದಿ ಗುಂಡಗಿರುವ ತೆಳ್ಳನೆ ಕಡ್ಡಿಯನ್ನು ತೂತಿನೊಳಗೆ ಬಿಟ್ಟು ನಾಲ್ಕೂ ಗೋಡೆ ಮತ್ತು ತಳವನ್ನು ಮುಟ್ಟಿ ನೋಡುತ್ತಾರೆ. ಎಲ್ಲ ಕಡೆ ಎಲುಬಿನ ಗಟ್ಟಿತನ ಸಿಕ್ಕರೆ ಸರಿ. ಒಂದು ಕಡೆ ಮೆತ್ತಗೆ ಜಾರಿದರೆ ಗೋಡೆ ಒಡೆದಿದೆ ಎಂದರ್ಥ. ಈ ಮುಟ್ಟಿ ನೋಡುವ ಕೆಲಸವನ್ನು ಈಗಲೂ ಬೆರಳೇ ಮಾಡುವುದು. ನಂತರ ಸ್ಕ್ರೂ, ಕೊನೆಗೆ ರಾಡ್. ಹೊಲಿಗೆ ಹಾಕುವ ಮೊದಲು ಇನ್ನೊಂದು ಸ್ಕ್ಯಾನ್ ತೆಗೆದು ನೋಡಿದರೆ, ತಪ್ಪಿದ ಸ್ಕ್ರೂ ಇದ್ದರೆ ಅಲ್ಲೇ ಬದಲಾಯಿಸಬಹುದು.

ತಪ್ಪುವುದು ಎಲ್ಲಿ

ರೋಬಾಟ್ ಕತ್ತನ್ನು ನೋಡುವುದಿಲ್ಲ. ಅದು ನೋಡುವುದು ಚಿತ್ರವನ್ನು ಮತ್ತು ಆ ಗುಂಡುಗಳನ್ನು. ಚಿತ್ರ ತೆಗೆದಾಗ ಮೂಳೆ ಎಲ್ಲಿತ್ತೋ ಈಗಲೂ ಅಲ್ಲೇ ಇದೆ ಎಂದು ಅದು ನಂಬುತ್ತದೆ. ಈ ನಂಬಿಕೆ ನಿಜವಾಗಿರುವಷ್ಟು ಹೊತ್ತು ಅದರ ಕೋನ ಕರಾರುವಾಕ್ಕು. ಚಿತ್ರಕ್ಕೂ ದೇಹಕ್ಕೂ ಹೊಂದಿಕೆ ತಪ್ಪಿದರೆ, ಅದು ತಪ್ಪು ಜಾಗದಲ್ಲೂ ಅಷ್ಟೇ ಗಟ್ಟಿಯಾಗಿ ನಿಲ್ಲುತ್ತದೆ. ಇದನ್ನು ಅರ್ಥ ಮಾಡಿಕೊಂಡರೆ ಕತ್ತಿನ ರೋಬಾಟಿಕ್ ಆಪರೇಷನ್ನಿನ ಒಳಗುಟ್ಟು ಬಹುಪಾಲು ಅರ್ಥವಾದ ಹಾಗೆ.

ಸೊಂಟದಲ್ಲಿ ಈ ಸಮಸ್ಯೆ ಇಷ್ಟು ಕಾಡುವುದಿಲ್ಲ. ಸೊಂಟದ ಕೆಳಗಿನ ಮೂಳೆಗಳ ಪೆಡಿಕಲ್ ಸಾಮಾನ್ಯವಾಗಿ 10 ಮಿಲಿಮೀಟರಿಗೂ ಜಾಸ್ತಿ ಅಗಲ. ಅಲ್ಲಿಗೆ ಬರುವಷ್ಟರಲ್ಲಿ ಬೆನ್ನುಹುರಿಯೇ ಮುಗಿದು, ಬರೀ ನರಗಳು ಉಳಿದಿರುತ್ತವೆ. ಮೂಳೆಗಳೂ ದೊಡ್ಡವು, ಸುಲಭಕ್ಕೆ ಅಲ್ಲಾಡವು. ಬೆನ್ನುಮೂಳೆಯ ರೋಬಾಟುಗಳು ಮೊದಲು ಹುಟ್ಟಿದ್ದೇ ಸೊಂಟ ಮತ್ತು ಬೆನ್ನಿಗಾಗಿ. ಇಸ್ರೇಲಿನ ಮಾಜೋರ್ ಕಂಪನಿಯ ಸ್ಪೈನ್‌ಅಸಿಸ್ಟ್ ಎಂಬ ರೋಬಾಟಿಗೆ, ಔಷಧಿ ಮತ್ತು ವೈದ್ಯಕೀಯ ಸಾಧನಗಳನ್ನು ಪರಿಶೀಲಿಸುವ ಅಮೆರಿಕದ ಸರ್ಕಾರಿ ಸಂಸ್ಥೆ ಎಫ್‌ಡಿಎಯ ಒಪ್ಪಿಗೆ ಸಿಕ್ಕಿದ್ದು 2004ರಲ್ಲಿ. ಕತ್ತಿನ ಕಡೆ ಬರಲು ಮತ್ತೆ ಹತ್ತು ವರ್ಷದ ಮೇಲೆ ಹಿಡಿಯಿತು. ಬೀಜಿಂಗಿನ ಜಿಶ್ವೀತಾನ್ ಆಸ್ಪತ್ರೆಯ ತಿಯಾನ್ ವೇ, ರೋಬಾಟ್ ನೆರವಿನಿಂದ ಮೊದಲೆರಡು ಮೂಳೆಗಳನ್ನು ಸ್ಕ್ರೂಗಳಿಂದ ಬಿಗಿದ ಒಂದು ಪ್ರಕರಣವನ್ನು 2016ರಲ್ಲಿ ವರದಿ ಮಾಡಿದರು.

ಕತ್ತು ನಮ್ಮ ಬೆನ್ನುಮೂಳೆಯಲ್ಲೇ ಅತಿ ಹೆಚ್ಚು ಆಡುವ ಭಾಗ. ತಲೆಯನ್ನು ಕ್ಲ್ಯಾಂಪಿನಲ್ಲಿ ಬಿಗಿದರೂ ನಡುವಿನ ಮೂಳೆಗಳು ಒಂದರ ಮೇಲೊಂದು ಸ್ವಲ್ಪ ಸ್ವಲ್ಪ ಸರಿಯುತ್ತಲೇ ಇರುತ್ತವೆ. ಉಸಿರಾಟಕ್ಕೆ ಅಲ್ಲಾಡುತ್ತವೆ. ಮೂಳೆ ಮುರಿದವರಲ್ಲಂತೂ ಇನ್ನೂ ಹೆಚ್ಚು. ಡ್ರಿಲ್ ಒತ್ತಿದರೆ ಆ ಮೂಳೆಯೇ ಮುಂದಕ್ಕೆ ಜಗ್ಗಬಹುದು. ಗುಂಡುಗಳ ಚೌಕಟ್ಟು ಎರಡನೇ ಮೂಳೆಗೆ ಕಟ್ಟಿದ್ದು, ಡ್ರಿಲ್ ಮಾಡುತ್ತಿರುವುದು ಆರನೆಯದಕ್ಕಾದರೆ, ಆರನೆಯದು ಸರಿದದ್ದು ಕ್ಯಾಮೆರಾಕ್ಕೆ ಗೊತ್ತೇ ಆಗುವುದಿಲ್ಲ. ಆಪರೇಷನ್ನಿನ ಹಿಂದಿನ ದಿನ ಅಂಗಾತ ಮಲಗಿಸಿ ತೆಗೆದ ಸ್ಕ್ಯಾನ್ ಬಳಸಿದರೆ ತೊಂದರೆ ಇನ್ನೊಂದು ಬಗೆಯದು. ಬೋರಲಾಗಿ ಮಲಗಿದ ಕತ್ತಿನ ಬಾಗು ಬೇರೆಯೇ ಇರುತ್ತದೆ. ಅದಕ್ಕೇ ಟೇಬಲ್ಲಿನ ಮೇಲೆ ತೆಗೆದ ಸ್ಕ್ಯಾನಿಗೆ ಕತ್ತಿನಲ್ಲಿ ಇಷ್ಟು ಬೆಲೆ.

ಎರಡನೇ ತೊಂದರೆ ಡ್ರಿಲ್ ಜಾರುವುದು. ಬಡಗಿ ಇಳಿಜಾರಾದ ಮರದ ಮೇಲೆ ಓರೆಯಾಗಿ ಬೈರಿಗೆ ಇಟ್ಟರೆ ಮೊನೆ ಮೊದಲು ಜಾರಿ ಆಮೇಲೆ ಕಚ್ಚುತ್ತದೆ. ಕತ್ತಿನ ಮೂಳೆಯ ಹಿಂಭಾಗ ಇಳಿಜಾರು, ಪೆಡಿಕಲ್‌ನ ದಾರಿಯೋ ನಡುಗೆರೆಯ ಕಡೆಗೆ ಸುಮಾರು 45 ಡಿಗ್ರಿ ಓರೆ. ರೋಬಾಟ್ ತೋಳು ಸರಿಯಾಗಿಯೇ ನಿಂತಿದ್ದರೂ ಕೊಳವೆಯಿಂದ ಹೊರಬಂದ ಮೊನೆ ಮೂಳೆಯ ಮೇಲೆ ಜಾರಿದರೆ ಕೆಲಸ ಕೆಟ್ಟಿತು. ಅದಕ್ಕೆ ಅತಿ ವೇಗವಾಗಿ ತಿರುಗುವ ಡ್ರಿಲ್ ಬಳಸಿ, ಹೆಚ್ಚು ಒತ್ತದೆ, ಮೊದಲು ಒಂದು ಸಣ್ಣ ಗುಳಿ ಮಾಡಿಕೊಳ್ಳುತ್ತಾರೆ.

ಮೂರನೆಯದು ಮಾಂಸಖಂಡ. 45 ಡಿಗ್ರಿ ಓರೆಯಾಗಿ ಹೋಗಬೇಕಾದರೆ ಕೊಳವೆ ಕತ್ತಿನ ಪಕ್ಕದಿಂದ ಬರಬೇಕು. ಅಲ್ಲಿ ದಪ್ಪ ಸ್ನಾಯುಗಳಿವೆ. ಅವು ಕೊಳವೆಯನ್ನು ನಡುವಿಗೆ ತಳ್ಳಿ ನೆಟ್ಟಗೆ ಮಾಡುತ್ತವೆ. ಕೊಳವೆ ನೆಟ್ಟಗಾದರೆ ಡ್ರಿಲ್ಲಿನ ಮೊನೆ ಹೊರಕ್ಕೆ ಹೋಗುತ್ತದೆ, ಅಂದರೆ ರಕ್ತನಾಳದ ಕಡೆಗೆ, ತೆಳು ಗೋಡೆಯ ಕಡೆಗೆ. ಕತ್ತಿನ ಪೆಡಿಕಲ್ ಸ್ಕ್ರೂಗಳು ತಪ್ಪಿದರೆ ಹೆಚ್ಚಾಗಿ ಹೊರಬದಿಗೇ ತಪ್ಪಲು ಇದೂ ಒಂದು ಕಾರಣ. ಪಕ್ಕದಲ್ಲಿ ಬೇರೆಯದೇ ಒಂದು ಸಣ್ಣ ಗಾಯ ಮಾಡಿ ಅಲ್ಲಿಂದ ಕೊಳವೆ ಇಳಿಸಿದರೆ ಈ ತೊಂದರೆ ತಪ್ಪುತ್ತದೆ.

ಅನುಭವ ಇರುವ ತಂಡ ಇದಕ್ಕೆಲ್ಲ ಏನು ಮಾಡುತ್ತದೆ? ಪ್ರತಿ ಸ್ಕ್ರೂವಿಗೂ ಮೊದಲು, ಎಲ್ಲರಿಗೂ ಗೊತ್ತಿರುವ ಒಂದು ಎಲುಬಿನ ಮೊನೆಯನ್ನು ಕಡ್ಡಿಯಿಂದ ಮುಟ್ಟುತ್ತಾರೆ. ಪರದೆಯಲ್ಲೂ ಕಡ್ಡಿ ಅದೇ ಮೊನೆಯ ಮೇಲೆ ಕಂಡರೆ ಮುಂದುವರಿಯಬಹುದು. ಗಾಳಿಯಲ್ಲೋ ಮೂಳೆಯೊಳಗೋ ಕಂಡರೆ ಏನೋ ಕದಲಿದೆ, ಮತ್ತೆ ಸ್ಕ್ಯಾನ್ ಮಾಡಬೇಕು. ಬೆನ್ನುಹುರಿಯ ಮೇಲಿನ ಒತ್ತಡ ತೆಗೆಯಲು ಹಿಂದಿನ ಕಮಾನು ಕತ್ತರಿಸಬೇಕಿದ್ದರೆ, ಸ್ಕ್ರೂವಿನ ತೂತುಗಳನ್ನು ಮೊದಲು ಮುಗಿಸಿಕೊಳ್ಳುವುದು ಒಳ್ಳೆಯದು. ಕಮಾನು ತೆಗೆದ ಮೇಲೆ ಬೆನ್ನುಹುರಿಗೆ ಮುಚ್ಚುಗೆ ಇರುವುದಿಲ್ಲ, ಮೂಳೆಯೂ ಚಿತ್ರದಲ್ಲಿದ್ದ ಹಾಗೆ ಉಳಿದಿರುವುದಿಲ್ಲ. ಇಷ್ಟಾದರೂ ರಕ್ತನಾಳಕ್ಕೆ ಪೆಟ್ಟಾಯಿತು ಅಂದುಕೊಳ್ಳಿ. ಆಗ ಇನ್ನೊಂದು ಬದಿಯಲ್ಲಿ ಅಂಥ ಅಪಾಯದ ಸ್ಕ್ರೂ ಹಾಕಲು ಹೋಗಬಾರದು. ಒಂದು ನಾಳ ಹೋದರೂ ಇನ್ನೊಂದು ಮೆದುಳನ್ನು ಕಾಯಬಹುದು, ಎರಡೂ ಹೋದರೆ ಕಾಯುವವರಿಲ್ಲ. ಈ ನಿರ್ಧಾರಗಳಲ್ಲಿ ಒಂದನ್ನೂ ಯಂತ್ರ ತೆಗೆದುಕೊಳ್ಳುವುದಿಲ್ಲ.

ಫಲ ಎಷ್ಟು

ಅದೇ ಜಿಶ್ವೀತಾನ್ ಆಸ್ಪತ್ರೆಯ ತಂಡ 127 ರೋಗಿಗಳ ಅಧ್ಯಯನವೊಂದನ್ನು 2020ರಲ್ಲಿ ಪ್ರಕಟಿಸಿತು. ಯಾರಿಗೆ ರೋಬಾಟ್, ಯಾರಿಗೆ ಹಳೆಯ ಪದ್ಧತಿ ಎಂದು ಚೀಟಿ ಎತ್ತಿದ ಹಾಗೆ ಹಂಚಲಾಗಿತ್ತು. ಯೋಜನೆಯಲ್ಲಿ ಬರೆದ ಗೆರೆಗೂ ಸ್ಕ್ರೂ ನಿಜವಾಗಿ ಕೂತ ಜಾಗಕ್ಕೂ ಇದ್ದ ಅಂತರ ರೋಬಾಟ್ ಗುಂಪಿನಲ್ಲಿ 0.83 ಮಿಲಿಮೀಟರ್, ಇನ್ನೊಂದರಲ್ಲಿ 1.79. ಅರ್ಧಕ್ಕಿಂತ ಕಡಿಮೆ. ಇದು ನಿಜವಾಗಿಯೂ ದೊಡ್ಡ ಸುಧಾರಣೆ. ಹಾಗೆಂದು 0.83 ಅಂದರೆ ನಮ್ಮ ಮುಕ್ಕಾಲು ಮಿಲಿಮೀಟರಿಗಿಂತ ಸ್ವಲ್ಪ ಜಾಸ್ತಿಯೇ ಅನ್ನುವುದನ್ನೂ ಮರೆಯಬಾರದು. ರೋಬಾಟ್ ಇದ್ದರೆ ಯಾವ ಪೆಡಿಕಲ್ಲಿಗಾದರೂ ಧೈರ್ಯವಾಗಿ ನುಗ್ಗಬಹುದು ಎಂದು ಈ ಅಂಕಿ ಹೇಳುತ್ತಿಲ್ಲ.

ನಿಖರತೆಯನ್ನು ಅಳೆಯುವ ಕ್ರಮವನ್ನೂ ಸ್ವಲ್ಪ ಗಮನಿಸಬೇಕು. ಸೊಂಟಕ್ಕಾಗಿ ಹೆಚ್ಚು ಬಳಕೆಯಲ್ಲಿರುವ ಒಂದು ಶ್ರೇಣಿಯಲ್ಲಿ, ಸ್ಕ್ರೂ ಪೂರ್ತಿ ಮೂಳೆಯೊಳಗಿದ್ದರೆ ಎ ದರ್ಜೆ, 2 ಮಿಲಿಮೀಟರಿಗಿಂತ ಕಡಿಮೆ ಹೊರಗೆ ಬಂದಿದ್ದರೆ ಬಿ ದರ್ಜೆ. ಎ ಮತ್ತು ಬಿ ಎರಡನ್ನೂ ಸೇರಿಸಿ ಒಪ್ಪಬಹುದಾದದ್ದು ಎಂದು ಲೆಕ್ಕ ಹಾಕುತ್ತಾರೆ. ಸೊಂಟಕ್ಕೆ ಅದು ನ್ಯಾಯವೇ. ಕತ್ತಿನಲ್ಲಿ 2 ಮಿಲಿಮೀಟರ್ ಅಂದರೆ ಪೆಡಿಕಲ್‌ನ ಅಗಲದಲ್ಲಿ ಐದರಲ್ಲಿ ಎರಡು ಪಾಲು. ಹಾಗಾಗಿ ಕತ್ತಿನ ಬಗ್ಗೆ ಯಾರಾದರೂ ಶೇಕಡಾ ಲೆಕ್ಕ ಹೇಳಿದರೆ, ಪೂರ್ತಿ ಒಳಗಿದ್ದವು ಎಷ್ಟು ಎಂದು ಬೇರೆಯಾಗಿ ಕೇಳಬೇಕು. ಇನ್ನೊಂದು ಕಡೆ, ಗೋಡೆ ಸ್ವಲ್ಪ ಒಡೆದವರಲ್ಲೂ ಬಹಳ ಜನಕ್ಕೆ ಏನೂ ಆಗುವುದಿಲ್ಲ. ರಕ್ತನಾಳ ತನ್ನ ತೂತನ್ನು ಪೂರ್ತಿ ತುಂಬಿಕೊಂಡಿರುವುದಿಲ್ಲ, ಸ್ವಲ್ಪ ಸರಿಯಲು ಜಾಗ ಇರುತ್ತದೆ. ಮಿಲಿಮೀಟರಿನಲ್ಲಿ ಸಿಕ್ಕ ಲಾಭ, ರೋಗಿಯ ಕೈಕಾಲಿನ ಬಲದಲ್ಲಿ, ನಡಿಗೆಯಲ್ಲಿ ಎಷ್ಟು ಲಾಭವಾಗುತ್ತದೆ ಅನ್ನುವುದಕ್ಕೆ ಅಷ್ಟೇ ಗಟ್ಟಿಯಾದ ಪುರಾವೆ ಇನ್ನೂ ಕೂಡಿಬರಬೇಕು.

ಖರ್ಚಿನ ವಿಷಯವೂ ಇದೆ. ಈ ಯಂತ್ರಗಳ ಬೆಲೆ ಕೋಟಿಗಳಲ್ಲಿ. ಸ್ಕ್ಯಾನ್ ಯಂತ್ರ ಬೇರೆ, ನಿರ್ವಹಣೆ ಬೇರೆ. ತಂಡ ಪಳಗುವವರೆಗೆ ಆಪರೇಷನ್ನಿನ ಸಮಯವೂ ಹೆಚ್ಚೇ ಹಿಡಿಯುತ್ತದೆ. ದೊಡ್ಡ ನಗರಗಳ ಆಸ್ಪತ್ರೆಗಳ ಜಾಹೀರಾತು ನೋಡಿ, ರೋಬಾಟ್ ಇಲ್ಲದ ಕಡೆ ಕತ್ತಿನ ಆಪರೇಷನ್ ಮಾಡಿಸಲೇಬಾರದು ಎಂದು ಜನ ಹೆದರುವುದು ನನಗೆ ಬೇಸರ ತರಿಸುತ್ತದೆ. ಲ್ಯಾಟರಲ್ ಮಾಸ್ ಸ್ಕ್ರೂ ಸಾಕಾಗುವ ರೋಗಿಗೆ ಅನುಭವಿ ಸರ್ಜನ್ನರ ಕೈ ಸಾಕು. ನ್ಯಾವಿಗೇಷನ್ ಎಂಬ ವ್ಯವಸ್ಥೆಯಲ್ಲೂ ಇದೇ ಕ್ಯಾಮೆರಾ, ಇದೇ ಗುಂಡುಗಳು, ಇದೇ ಚಿತ್ರ ಇರುತ್ತವೆ. ಹಿಡಿದು ನಿಲ್ಲುವ ತೋಳು ಮಾತ್ರ ಇಲ್ಲ. ಇನ್ನೂ ಅಗ್ಗದ ಒಂದು ದಾರಿ ತ್ರೀಡಿ ಪ್ರಿಂಟಿಂಗ್. ರೋಗಿಯ ಸಿ.ಟಿ. ಸ್ಕ್ಯಾನ್ ನೋಡಿಕೊಂಡು, ಅವರದೇ ಮೂಳೆಯ ಮೇಲೆ ಅಚ್ಚುಕಟ್ಟಾಗಿ ಕೂರುವ ಪ್ಲಾಸ್ಟಿಕ್ ಅಚ್ಚು ಮಾಡುತ್ತಾರೆ. ಡ್ರಿಲ್ ಹೋಗಬೇಕಾದ ಕೋನದ ತೂತು ಆ ಅಚ್ಚಿನಲ್ಲೇ ಇರುತ್ತದೆ. ಅಚ್ಚು ಮೂಳೆಯ ಮೇಲೇ ಕೂರುವುದರಿಂದ ಮೂಳೆ ಸರಿದರೆ ಅದೂ ಜೊತೆಗೇ ಸರಿಯುತ್ತದೆ. ಚಿತ್ರಕ್ಕೂ ದೇಹಕ್ಕೂ ಹೊಂದಿಕೆ ತಪ್ಪುವ ಗೋಳು ಅಲ್ಲಿ ಬಹಳ ಕಡಿಮೆ. ಅದನ್ನು ಕೂರಿಸಲು ಮೂಳೆಯ ಮೇಲಿನ ಮಾಂಸವನ್ನು ಚೊಕ್ಕವಾಗಿ ಬಿಡಿಸಬೇಕು, ಅದೊಂದು ತೊಡಕು.

ರೋಬಾಟ್ ತನ್ನ ಬೆಲೆಗೆ ತಕ್ಕ ಕೆಲಸ ಮಾಡುವುದು ಕಷ್ಟದ ಕತ್ತುಗಳಲ್ಲಿ. ಹುಟ್ಟಿನಿಂದ ಮೂಳೆಯ ಆಕಾರ ತಪ್ಪಿದವರು, ಹಿಂದೊಮ್ಮೆ ಆಪರೇಷನ್ ಆಗಿ ಗುರುತುಗಳೆಲ್ಲ ಅಳಿಸಿಹೋದವರು, ಮೂಳೆ ಮೆತ್ತಗಾಗಿ ಪೆಡಿಕಲ್ ಬಿಟ್ಟರೆ ಬೇರೆಲ್ಲೂ ಹಿಡಿತ ಸಿಗದವರು. ನಿಮ್ಮ ಮನೆಯವರಿಗೆ ಇಂಥ ಆಪರೇಷನ್ ಹೇಳಿದ್ದರೆ ಡಾಕ್ಟರನ್ನು ಸಂಕೋಚವಿಲ್ಲದೆ ಕೇಳಿ: ಯಾವ ಯಾವ ಮೂಳೆಗೆ ಸ್ಕ್ರೂ, ಪೆಡಿಕಲ್ಲಿಗೋ ಲ್ಯಾಟರಲ್ ಮಾಸಿಗೋ, ರಕ್ತನಾಳ ಎಲ್ಲಿ ಹಾದಿದೆ ಎಂದು ಸ್ಕ್ಯಾನಿನಲ್ಲಿ ನೋಡಿದ್ದೀರಾ, ಎರಡೂ ಬದಿಯ ನಾಳಗಳಲ್ಲಿ ದೊಡ್ಡದು ಯಾವುದು, ಕೊನೆಯಲ್ಲಿ ಟೇಬಲ್ಲಿನ ಮೇಲೇ ಇನ್ನೊಂದು ಸ್ಕ್ಯಾನ್ ತೆಗೆಯುತ್ತೀರಾ, ರೋಬಾಟ್ ಕೈಕೊಟ್ಟರೆ ಅದಿಲ್ಲದೆ ಮುಗಿಸುತ್ತೀರಾ.

ಆಪರೇಷನ್ ಆದ ಮೇಲಿನ ಜೀವನದ ಬಗ್ಗೆಯೂ ಕೇಳಿ. ನಾವು ತಲೆಯನ್ನು ಎಡಬಲಕ್ಕೆ ತಿರುಗಿಸುವುದರಲ್ಲಿ ಸುಮಾರು ಅರ್ಧ ಪಾಲು ಆಗುವುದು ಮೊದಲೆರಡು ಮೂಳೆಗಳ ನಡುವೆ. ಆ ಎರಡನ್ನು ಬಿಗಿದರೆ ಅಷ್ಟು ತಿರುಗುವಿಕೆ ಹೋಗುತ್ತದೆ. ಸ್ಕ್ರೂವನ್ನು ರೋಬಾಟ್ ಹಿಡಿದ ಕೊಳವೆಯಿಂದ ಹಾಕಿದರೂ ಅಷ್ಟೇ, ಬರಿಗೈಯಿಂದ ಹಾಕಿದರೂ ಅಷ್ಟೇ. ಸ್ಕೂಟರ್, ಕಾರು ಓಡಿಸುವವರು ಕನ್ನಡಿಗಳನ್ನು ಬೇರೆ ರೀತಿ ಹೊಂದಿಸಿಕೊಂಡು, ಹಿಂದೆ ನೋಡಲು ಮೈಯನ್ನೇ ತಿರುಗಿಸುವ ಅಭ್ಯಾಸ ಮಾಡಿಕೊಳ್ಳಬೇಕಾಗುತ್ತದೆ. ಮತ್ತೆ ಯಾವಾಗ ಓಡಿಸಬಹುದು ಎಂಬುದನ್ನು ಆಪರೇಷನ್ನಿಗೆ ಮೊದಲೇ ಕೇಳಿ ಇಟ್ಟುಕೊಳ್ಳಿ.